ಪ್ರಶ್ನೆ ಕೇಳುವ ಬ್ಯಾಚು

ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಹಿಂದೆ, ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಇಂಗ್ಲಿಷ್ ಕಲಿಸಲು ಶುರುಮಾಡಿದಾಗ ಶೈಲೇಶ್ ಮಾಸ್ಟ್ರ ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ. ಪ್ರಶ್ನೆವಾಕ್ಯವನ್ನು ಅವರು ಕಲಿಸುತ್ತಿದ್ದುದು ಒಂದೇ ರೀತಿ. ಬೋರ್ಡಿನ ಮೇಲೆ ಸೂತ್ರ, ಅದರ ಕೆಳಗೆ ಉದಾಹರಣೆ. ಎಲ್ಲರೂ ಬರೆದು ತೋರಿಸಬೇಕು. ಯಾರಾದರೂ ‘ವೇರ್ ಯು ಆರ್ ಗೋಯಿಂಗ್’ ಎಂದರೆ ಸೀಮೆಸುಣ್ಣವನ್ನು ಬೋರ್ಡಿಗೆ ಕುಟ್ಟಿ, “ಮೊದಲು ಆರ್, ಆಮೇಲೆ ಯು!” ಎಂದು ಗದರುತ್ತಿದ್ದರು. ಅವರ ಕೈಯಲ್ಲಿ ಪಾಸಾದವರು ಬಹಳ. ಆದರೆ ಕ್ಲಾಸಿನಲ್ಲಿ ಬಾಯಿಬಿಡುವವರು ಕಡಿಮೆ. ಅದನ್ನವರು ಶಿಸ್ತು ಎಂದುಕೊಂಡಿದ್ದರು.

ಹೋದ ಮಳೆಗಾಲದಲ್ಲಿ ಡೆಂಗ್ಯೂ ಬಂದು ಹಾಸಿಗೆ ಹಿಡಿದರು. ಕ್ಲಾಸು ನಿಲ್ಲಬಾರದೆಂದು ಹೆಂಡತಿ ಶ್ರೀಲತಾ ತಾನೇ ಕಲಿಸಲು ಹೊರಟಳು. ಬಿಜೂರಿನವಳು, ಕುಂದಾಪುರದಲ್ಲಿ ಬಿ.ಎ. ಮುಗಿಸಿದವಳು, ಮದುವೆಯಾದ ಮೇಲೆ ಆ ಓದಿನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಜ್ವರ ಬಿಟ್ಟ ಮೇಲೆ ಒಂದು ಸಂಜೆ ಮಾಸ್ಟ್ರು ಮೆಟ್ಟಿಲು ಹತ್ತುವಾಗ ಮೇಲಿನಿಂದ ನಗುವಿನ ಅಲೆ ಕೇಳಿತು. ಕಿಟಕಿಯ ಬಳಿ ನಿಂತರು. ಐದಾರು ಜನ ಕೊರಳಿಗೆ ರಟ್ಟಿನ ತುಂಡು ಕಟ್ಟಿಕೊಂಡು ಸಾಲಾಗಿ ನಿಂತಿದ್ದಾರೆ, ಒಂದೊಂದು ರಟ್ಟಿನ ಮೇಲೆ ಒಂದೊಂದು ಪದ. ಮಾರ್ಕೆಟ್ಟಿನಲ್ಲಿ ಮೀನು ಮಾರುವ ಪದ್ದಕ್ಕನೇ ‘ಆರ್’. ಮೊಬೈಲ್ ಅಂಗಡಿಯ ಕೀರ್ತನ್ ‘ಯು’. ಶ್ರೀಲತಾ ಚಪ್ಪಾಳೆ ತಟ್ಟಿದಳು. ಪದ್ದಕ್ಕ ಸೀರೆ ಎತ್ತಿ ಕಟ್ಟಿ ಕೀರ್ತನನ ಮುಂದಕ್ಕೆ ಹಾರಿದರು. “ಆರ್ ಯು ಕಮಿಂಗ್?” ಎಂದು ಕ್ಲಾಸಿಗೆ ಕ್ಲಾಸೇ ಕೂಗಿತು.

ಆಮೇಲೆ ಅವಳು ಬಟ್ಟೆಯ ಚೀಲದೊಳಗೆ ಏನನ್ನೋ ಬಚ್ಚಿಟ್ಟಳು. ಅದೇನೆಂದು ಕೇಳಿ ಕೇಳಿಯೇ ಕಂಡುಹಿಡಿಯಬೇಕು. ಪದ ಹಿಂದುಮುಂದಾದರೆ ಕಿವಿಗೆ ಕೈಯಿಟ್ಟು, ಕೇಳಿಸಲೇ ಇಲ್ಲವೆಂಬಂತೆ ನಿಲ್ಲುತ್ತಿದ್ದಳು. ಕೇಳಿದವರು ತಾವೇ ತಿದ್ದಿಕೊಂಡು ಮತ್ತೆ ಕೇಳುತ್ತಿದ್ದರು. “ಈಸ್ ಇಟ್ ಹಾರ್ಡ್?” “ಕ್ಯಾನ್ ವಿ ಈಟ್ ಇಟ್?” ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವಳು ವಿನಯಾ. ಬಟ್ಟೆ ಅಂಗಡಿಯ ಆ ಹುಡುಗಿ ಮಾಸ್ಟ್ರ ಕ್ಲಾಸಿನಲ್ಲಿ ವರ್ಷವಿಡೀ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂತವಳು. ಅವಳ ದನಿ ಹೇಗಿದೆಯೆಂದು ಮಾಸ್ಟ್ರಿಗೆ ಗೊತ್ತಾದದ್ದೇ ಅವತ್ತು. ಒಳಗೆ ಕಾಲಿಡದೆ ಮೆಟ್ಟಿಲಿಳಿದು ಹೋದರು.

“ಇದ್ ಕ್ಲಾಸಾ, ಮಕ್ಳಾಟವಾ?” ಎಂದರು ಮನೆಯಲ್ಲಿ.

“ಆಟವೇ. ನೀವೂ ಬನ್ನಿ ಕಾಂಬ,” ಎಂದಳು ಅವಳು, ಅನ್ನ ಬಡಿಸುತ್ತ.

ಮಾಸ್ಟ್ರು ಬೆಳಗಿನ ಬ್ಯಾಚು ಮತ್ತೆ ಶುರುಮಾಡಿದರು. ಬಂದವರು ಬೆರಳೆಣಿಕೆಯಷ್ಟು. ಉಳಿದವರನ್ನು ದಾರಿಯಲ್ಲಿ ಹಿಡಿದು ಕೇಳಿದರೆ, “ಸಂಜಿಗೇ ಬತ್ತೆ ಸಾರ್,” ಎನ್ನುತ್ತಿದ್ದರು. ಸಂಜೆಯ ಬ್ಯಾಚಿಗೆ ಟಯರ್ ಅಂಗಡಿಯಿಂದ ಕುರ್ಚಿ ಎರವಲು ತರಬೇಕಾಗುತ್ತಿತ್ತು. ಒಂದು ದಿನ ಅವಳು ಮನೆಯಲ್ಲಿಲ್ಲದಾಗ ಮಾಸ್ಟ್ರು ಆ ರಟ್ಟುಗಳನ್ನೆಲ್ಲ ಬಚ್ಚಲೊಲೆಗೆ ಹಾಕಿದರು. ಶ್ರೀಲತಾ ಹುಡುಕಿದಳು, ಒಲೆಯ ಬೂದಿಯನ್ನೂ ಕಂಡಳು. ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಹೊಸದನ್ನು ಮಾಡತೊಡಗಿದಳು. ಅವಳು ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವರಿಗೆ.

ಮತ್ತೊಂದು ಸಂಜೆ ಕ್ಲಾಸಿನ ಬಾಗಿಲಲ್ಲಿ ಸುಳಿದಾಡುತ್ತಿದ್ದ ಮಾಸ್ಟ್ರನ್ನು ಅವಳೇ ಕರೆದಳು. “ಹ್ವಾಯ್, ಒಂಚೂರ್ ಇಲ್ಲ್ ಬಂದ್ ಕೂಕಣಿ.”

ನಡುವೆ ಒಂದೇ ಕುರ್ಚಿ. ಅಲ್ಲಿ ಕೂತವರಿಗೆ ಎಲ್ಲರೂ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು, ಅವರು ನಿಜ ಹೇಳುವುದು. ಅಷ್ಟು ಜನರ ಎದುರು ಇಲ್ಲ ಎನ್ನಲಾಗಲಿಲ್ಲ.

“ಡು ಯು ಲೈಕ್ ಬಂಗುಡೆ ಫಿಶ್?” ಎಂದ ಕೀರ್ತನ್. ನಗು. “ವೆನ್ ಡು ಯು ಗೆಟ್ ಅಪ್?” ಎಂದಳು ವಿನಯಾ. ಮಾಸ್ಟ್ರು ಬಿಗುವಾಗಿಯೇ ಉತ್ತರಿಸಿದರು. ಆಗ ಪದ್ದಕ್ಕ ಎದ್ದರು.

“ಸಾರ್, ವೈ ಯು ಆರ್ ಆಂಗ್ರಿ?”

“ವೈ ಆರ್ ಯು!” ಎಂದು ಮಾಸ್ಟ್ರು ಅಭ್ಯಾಸಬಲದಿಂದ ತಿದ್ದಿದರು.

“ವೈ ಆರ್ ಯು ಆಂಗ್ರಿ?” ಎಂದರು ಪದ್ದಕ್ಕ, ಒಂದಕ್ಷರ ತಪ್ಪಿಲ್ಲದೆ.

ಯಾರೂ ನಗಲಿಲ್ಲ. ಕೋಪವಿಲ್ಲ ಎನ್ನಲು ಹೊರಟ ಮಾಸ್ಟ್ರ ಕಣ್ಣು ವಿನಯಾಳ ಮೇಲೆ ಬಿತ್ತು. “ಬಿಕಾಸ್...” ಎಂದು ತಡವರಿಸಿದರು. “ಇನ್ ಮೈ ಕ್ಲಾಸ್ ನೋಬಡಿ ಆಸ್ಕ್ಡ್ ಮಿ ಎನಿಥಿಂಗ್.”

“ಎಂತ ಹೇಳ್ದ್ರ್?” ಎಂದು ಪದ್ದಕ್ಕ ಪಕ್ಕಕ್ಕೆ ಬಾಗಿದರು.

“ಅವ್ರ ಕ್ಲಾಸಂಗೆ ಯಾರೂ ಎಂತದೂ ಕೇಣ್ಲಿಲ್ಲ ಅಂಬ್ರ್,” ಎಂದಳು ವಿನಯಾ ಮೆಲ್ಲಗೆ.

“ಕೇಣುಕೆ ನೀವ್ ಬಿಟ್ರೆ ಅಲ್ದಾ ಸಾರ್?” ಎಂದರು ಪದ್ದಕ್ಕ.

ಮಾಸ್ಟ್ರು ಕುರ್ಚಿಯಿಂದ ಎದ್ದರು. ಶ್ರೀಲತಾ ಮುಂದಿನವರನ್ನು ಕುರ್ಚಿಗೆ ಕರೆದಳು.

ಈಗ ಬೆಳಗ್ಗೆ ಪರೀಕ್ಷೆಯ ಮಕ್ಕಳಿಗೆ ಅವರು, ಸಂಜೆ ಮಾತಿನ ಬ್ಯಾಚಿಗೆ ಅವಳು. ಕರೆದ ದಿನ ಮಾಸ್ಟ್ರೂ ಹೋಗಿ ಕೊರಳಿಗೆ ರಟ್ಟು ಕಟ್ಟಿಕೊಳ್ಳುತ್ತಾರೆ. ಕರೆಯದ ದಿನ ನಗು ಕೇಳಿದರೆ ಎದೆ ಇನ್ನೂ ಚುರ್ರೆನ್ನುತ್ತದೆ. ಮೆಟ್ಟಿಲ ಬುಡದ ಹೊಸ ಬೋರ್ಡಿನಲ್ಲಿ ಇಬ್ಬರ ಹೆಸರೂ ಇದೆ. ಪೇಂಟರು ಅವಳ ಹೆಸರನ್ನು ಒಂಚೂರು ದಪ್ಪ ಬರೆದಿದ್ದಾನೆಂಬ ಗುಮಾನಿ ಅವರಿಗೆ. ಹಾದುಹೋಗುವಾಗಲೆಲ್ಲ ನಿಂತು ನೋಡುತ್ತಾರೆ.