ತಡವಾದ ಬಟ್ಟೆಗೊಂದು ಅಂತರಗಂಗೆ

ಹೇಳಿದ ದಿನಕ್ಕೆ ಬಟ್ಟೆ ಹೊಲಿದುಕೊಟ್ಟ ಅಪವಾದ ಟೈಲರಕ್ಕನಿಗೆ ಜೀವಮಾನದಲ್ಲಿ ಒಮ್ಮೆಯೂ ತಟ್ಟಿರಲಿಲ್ಲ. ಮುಖ ಊದಿಸಿಕೊಂಡು ಬಂದ ಗಿರಾಕಿಗಳಿಗೆಂದೇ ಅವಳ ಬಳಿ ಒಂದು ಬ್ರಹ್ಮಾಸ್ತ್ರವಿತ್ತು: ಅಂಗಡಿ ಬಾಗಿಲಿನ ಸಿಮೆಂಟ್ ತೊಟ್ಟಿಯಿಂದ ಒಂದು ಅಂತರಗಂಗೆ ಎತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಗಿಡುವುದು. ಮಣ್ಣು ಬೇಡ, ಗೊಬ್ಬರ ಬೇಡ. ನೀರಲ್ಲಿ ತೇಲುತ್ತಲೇ ತಿಳಿನೇರಳೆ ಹೂ ಬಿಡುವ ಗಿಡ! ಬೈಯಲು ಬಂದವರು ಹಲ್ಲು ಕಿರಿಯುತ್ತ ಹೋಗುತ್ತಿದ್ದರು.

ಗಿಡಕ್ಕೆ ಮಾತ್ರ ತಡ ಅನ್ನುವುದೇ ಗೊತ್ತಿರಲಿಲ್ಲ. ಒಂದು ಹತ್ತಾಗಿ, ಹತ್ತು ನೂರಾಗಿ ಮನೆಮನೆಯ ತೊಟ್ಟಿ ತುಂಬಿತು. ಹೆಚ್ಚಾದದ್ದನ್ನು ಎಸೆಯಲು ಮನಸ್ಸು ಬಾರದೆ ಜನ ಕೆರೆಗೆ ಬಿಟ್ಟರು. ಈಗ ಅಲ್ಲಿ ನೀರಿದೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು. ಆ ಕೆರೆಯಲ್ಲಿ ಜನರನ್ನು ದಾಟಿಸಿ ಹೊಟ್ಟೆ ಹೊರೆಯುತ್ತಿದ್ದ ದೋಣಿಯವನು ಟೈಲರಕ್ಕನ ತಂಗಿಯ ಗಂಡ. ಹುಟ್ಟು ಅದ್ದಿದರೆ ಮೇಲೇಳುತ್ತಿರಲಿಲ್ಲ.

“ಅಕ್ಕಾ, ನೀನು ಹೊಲಿದದ್ದು ಒಂದು ಒಗೆತಕ್ಕೆ ಬಿಚ್ಚಿಕೊಳ್ಳುತ್ತೆ. ಕೊಟ್ಟ ಗಿಡ ಮಾತ್ರ ಜಪ್ಪಯ್ಯ ಅಂದ್ರೂ ಜಾಗ ಬಿಡಲ್ಲ,” ಅಂದಳು ತಂಗಿ. ನಗಲಿಲ್ಲ. “ದೋಣಿ ನಿಂತ್ರೆ ನಾವೇನು ಹೂ ತಿಂದ್ಕೊಂಡಿರೋಣ್ವಾ?”

ಟೈಲರಕ್ಕ ದಂಡಯಾತ್ರೆ ಹೊರಟಳು. ತನ್ನ ತೊಟ್ಟಿಯ ಗಿಡಗಳನ್ನು ಒಣಗಿಸಿ ಸುಟ್ಟು, ನೈದಿಲೆ ಗೆಡ್ಡೆ ಹೊತ್ತು ಮನೆಮನೆಯ ಬಾಗಿಲು ಬಡಿದಳು.

“ಅದನ್ನ ಕಿತ್ತು ಇದನ್ನ ಹಾಕಿ. ಕುಂಡದ ಮಣ್ಣಲ್ಲೇ ಬೇರು ಬಿಡುತ್ತೆ, ಊರು ಸುತ್ತಲ್ಲ.”

“ಹೂ ಯಾವಾಗ?”

“ಸ್ವಲ್ಪ ಕಾಯಬೇಕು.”

“ಓಹೋ, ನಿಮ್ಮ ಹೊಲಿಗೆ ಥರಾನೇ! ಕೊಡಿ, ಎರಡೂ ಇರ್ಲಿ.”

ಉಳಿದದ್ದು ಕೆರೆ. ಸೊಂಟದ ಮಟ್ಟ ನೀರಿಗಿಳಿದು ಅವಳೂ ದೋಣಿಯವನೂ ಬೆನ್ನು ಮುರಿಯುವವರೆಗೆ ಕಿತ್ತರು. ದೋಣಿಯಗಲದ ದಾರಿಯೊಂದು ತೆರೆಯಿತು. ದಂಡೆಯ ಮೇಲೆ ಹಸಿರು ಗುಡ್ಡ ಎದ್ದಿತು. ಮರುದಿನ ಗುಡ್ಡ ಕುಗ್ಗಿತ್ತು. ಒಣಗುತ್ತಿದೆ ಅಂತ ಟೈಲರಕ್ಕ ಹಿಗ್ಗಿದಳು. ಹತ್ತಿರ ಹೋದರೆ, ಬ್ಯಾಂಕಿನ ಕೆಲಸದ ಹಳೇ ಗಿರಾಕಿಯೊಬ್ಬಳು ಬಕೆಟ್ ಹಿಡಿದು ನಿಂತಿದ್ದಾಳೆ!

“ನೋಡಿ ಟೈಲರಕ್ಕಾ, ಯಾರೋ ಪಾಪಿಗಳು ಹೂಬಿಟ್ಟ ಗಿಡ ಕಿತ್ತು ಬಿಸಾಕಿದ್ದಾರೆ. ಬದುಕಿಕೊಳ್ಳಲಿ ಅಂತ ನಾವೆಲ್ಲ ಸೇರಿ ವಾಪಸ್ ನೀರಿಗೆ ಬಿಡ್ತಾ ಇದ್ದೀವಿ. ನೀವು ಕೊಟ್ಟ ತಳಿ ಅಲ್ವಾ!”

ಅವಳ ಮುಖದಲ್ಲಿ ಪುಣ್ಯ ಕಟ್ಟಿಕೊಂಡವರ ಕಳೆ. ಟೈಲರಕ್ಕ ಕೆರೆಯತ್ತ ತಿರುಗಿದಳು. ಕೆರೆಯಲ್ಲಿ ದಾರಿ ಎಲ್ಲಿತ್ತು ಅನ್ನುವುದೂ ಕಾಣುತ್ತಿರಲಿಲ್ಲ.

ದೋಣಿಯವನು ದೋಣಿಯನ್ನು ದಂಡೆಗೆಳೆದು ಕವುಚಿ ಹಾಕಿ, ಗೋದಾಮೊಂದಕ್ಕೆ ಕಾವಲುಗಾರನಾದ. ಅವನ ಸಮವಸ್ತ್ರದ ಬಟ್ಟೆ ಕಂಕುಳಲ್ಲಿಟ್ಟುಕೊಂಡು ತಂಗಿ ಬೀದಿಯಲ್ಲಿ ಬಂದಳು.

“ಬಟ್ಟೆ ಇತ್ತ ತಾರೇ, ನಾಳೆ ಬೆಳಿಗ್ಗೇನೇ ಹೊಲಿದು ಕೊಡ್ತೀನಿ,” ಅಂದಳು ಟೈಲರಕ್ಕ, ಬಾಗಿಲಿಗೆ ಓಡಿ ಬಂದು.

ತಂಗಿ ನಿಲ್ಲಲಿಲ್ಲ. ಬೀದಿ ಕೊನೆಯ ಇನ್ನೊಬ್ಬ ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿದಳು.