ಎಂಜಿನ್ನಿಗೆ ಹಚ್ಚಿದ ಗಂಧದ ಪೌಡರ್

ಕಳೆದ ವಾರ ಸೌತ್ ಲೇಕ್ ಯೂನಿಯನ್‌ನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕನ್ನಡದ ಹೆಂಗಸೊಬ್ಬರು ಕೂಸನ್ನು ಎತ್ತಿಕೊಂಡು ನಿಂತಿದ್ದರು. ಆಗಷ್ಟೇ ಸ್ನಾನ ಮಾಡಿಸಿದ ಮಗು; ಕತ್ತಿನ ಮಡಿಕೆಯಲ್ಲಿ ಬಿಳಿ ಪೌಡರ್, ಗಂಧದ ವಾಸನೆ. ನನಗೆ ಮಾತ್ರ ಆ ವಾಸನೆಯ ಬೆನ್ನಿಗೇ ಬಿಸಿ ಎಂಜಿನ್ ಆಯಿಲ್ಲಿನ ಘಾಟೂ ಬಂದುಬಿಡುತ್ತದೆ...

ಕಾಲೇಜಿನ ದಿನಗಳಲ್ಲಿ ನಾವಿದ್ದ ಸಮಾಮಿಶ್‌ನಲ್ಲಿ ಪಕ್ಕದ ಮನೆಯ ಅಂಕಲ್ ಮೈಸೂರಿನವರು. ನಿವೃತ್ತರಾದ ಮೇಲೆ ಅವರಿಗಿದ್ದದ್ದು ಒಂದೇ ಹುಚ್ಚು: ಅರವತ್ತರ ದಶಕದ ಒಂದು ಹಸಿರು ಕಾರು. ಬಲಗೈ ಆಗಲೇ ನಡುಗುತ್ತಿತ್ತು. ಚಹಾ ಹಿಡಿದರೆ ಕಪ್ ಸಾಸರಿಗೆ ಬಡಿಯುತ್ತಿತ್ತು. ಸ್ಪ್ಯಾನರ್ ಹಿಡಿದರೆ ನಡುಕ ನಿಂತುಬಿಡುತ್ತಿತ್ತು. ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಣ್ಣಾರೆ ಕಂಡಿದ್ದೆ.

ಕಾರಿನಿಂದ ಮನೆ ಮುಂದಿನ ಡ್ರೈವ್‌ವೇ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಡಾವಣೆಯ ಸಂಘದಿಂದ ಪತ್ರ ಬಂತು: ಸೋರಿಕೆ ನಿಲ್ಲಿಸಿ, ಇಲ್ಲವೇ ಕಾರು ಸಾಗಿಸಿ. ಕಾಲೇಜಿನ ಡಿಬೇಟ್ ತಂಡದಲ್ಲಿದ್ದ ನಾನು ಉತ್ತರ ಬರೆದು ಆರು ವಾರಗಳ ಗಡುವು ಗಿಟ್ಟಿಸಿಕೊಟ್ಟೆ. ಅಂದಿನಿಂದ ಅವರಿಗೆ ನಾನು ‘ಲಾಯರಮ್ಮ’.

ಮೊದಲ ಶನಿವಾರ ಅಂಕಲ್ ಎಂಜಿನ್ ತೊಳೆದು, ಒರೆಸಿ, ಗಂಧದ ಪೌಡರಿನ ಡಬ್ಬಿ ತಂದರು.

“ಕಾರಿಗೂ ಮೇಕಪ್ಪಾ ಅಂಕಲ್?”

“ನಗಬೇಡ ಬೇಟಾ. ಇದನ್ನ ಉದುರಿಸಿ ಎರಡು ಮೈಲಿ ಓಡಿಸಿದ್ರೆ, ಎಣ್ಣೆ ಎಲ್ಲಿಂದ ಹೊರಟಿತು ಅಂತ ಗೆರೆ ಎಳೆದು ತೋರಿಸ್ತದೆ.”

“ಹನಿ ಬೀಳ್ತಿರೋದು ಎಂಜಿನ್ನೂ ಗೇರ್‌ಬಾಕ್ಸೂ ಸೇರೋ ಕಡೆ. ಅಲ್ಲಿ ಎಣ್ಣೆ ತಡೆಯೋ ಸೀಲ್ ಹೋಗಿದೆ. ಕಣ್ಣೆದುರಿಗೇ ಸಾಕ್ಷಿ ಇದೆಯಲ್ಲ!”

“ಬೀಳೋ ಜಾಗಾನೇ ಹೊರಡೋ ಜಾಗ ಆಗಿರಬೇಕು ಅಂತೇನಿಲ್ಲಮ್ಮ.”

ನಾನು ಬಿಡಲಿಲ್ಲ. ಫೋನಿನಲ್ಲಿ ಮೂರು ಲೇಖನ ತೆಗೆದು ತೋರಿಸಿದೆ. ಉಳಿದ ಶನಿವಾರಗಳನ್ನು ಬೆರಳು ಮಡಿಸಿ ಎಣಿಸಿದೆ. ಅರ್ಧ ದಿನ ಸಾಕು, ಸೀಲ್ ಬದಲಿಸಿಬಿಡೋಣ ಅಂದೆ. ಅಂಕಲ್ ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಆಯ್ತು ಲಾಯರಮ್ಮ, ನೀನೇ ಗೆದ್ದೆ.”

ಆ ಸೀಲ್ ಮುಟ್ಟಬೇಕಾದರೆ ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕೆಂಬುದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಒಪ್ಪಿದರೋ... ತಣ್ಣನೆಯ ಕಾಂಕ್ರೀಟಿನ ಮೇಲೆ ರಟ್ಟು ಹಾಸಿ, ಐದು ಶನಿವಾರ ಅಂಗಾತ ಮಲಗಿದರು. ನಾನು ಪಕ್ಕದಲ್ಲಿ ಕೂತು ಸಾಮಾನು ಕೊಡುತ್ತಿದ್ದೆ. ಬಿಚ್ಚಿದಾಗ ಸೀಲ್ ಗಟ್ಟಿಮುಟ್ಟಾಗಿತ್ತು. ಅಂಕಲ್ ಅದನ್ನು ಬೆರಳಲ್ಲಿ ಸವರಿ, ಹೊಸದನ್ನು ಕೂರಿಸಿದರು. ಎಲ್ಲ ಜೋಡಿಸಿದ ಮರುದಿನ ಅದೇ ಜಾಗದಲ್ಲಿ ಹನಿ ಬಿದ್ದಿತ್ತು.

ಪೌಡರ್ ಡಬ್ಬಿಯನ್ನು ಈ ಸಲ ನಾನೇ ಕೇಳಿದೆ. ಎರಡು ಮೈಲಿ ಹೋಗಿ ಬಂದು ಬಾನೆಟ್ ಎತ್ತಿದೆವು. ಬಿಳಿ ಪುಡಿಯ ನಡುವೆ ಒಂದೇ ಒಂದು ಕಪ್ಪು ಗೆರೆ. ಎಂಜಿನ್ನಿನ ನೆತ್ತಿಯ ಮುಚ್ಚಳದ ಹಿಂದಿನ ಮೂಲೆಯಿಂದ ಹೊರಟು, ಬೆನ್ನಗುಂಟ ಗೇರ್‌ಬಾಕ್ಸಿನ ತನಕ ಕೆಳಗಿಳಿದಿತ್ತು. ಎಣ್ಣೆ ಸೋರದಂತೆ ಮುಚ್ಚಳದಡಿ ಇಟ್ಟ ಕಾರ್ಕಿನ ಗ್ಯಾಸ್ಕೆಟ್ ಒಣಗಿತ್ತು, ಅಷ್ಟೇ. ನಿಂತುಕೊಂಡೇ ಬದಲಿಸಬಹುದಾದದ್ದು.

ಅಷ್ಟರಲ್ಲಿ, ಐದು ಶನಿವಾರ ನೆಲದ ಮೇಲೆ ಮಲಗಿದ್ದ ಅಂಕಲ್‌ಗೆ ಎಂಜಿನ್ನಿನ ಮೇಲೆ ಬಗ್ಗಿ ನಿಲ್ಲುವುದೂ ಆಗುತ್ತಿರಲಿಲ್ಲ. ಸಂಘಕ್ಕೆ ಮತ್ತೊಮ್ಮೆ ಬರೆದೆ. ಇನ್ನು ಸಮಯವಿಲ್ಲ ಎಂದರು. ಆಂಟಿ ಕಾರು ಮಾರಿಬಿಡಿ ಎಂದು ಹಟ ಹಿಡಿದಿದ್ದರು. ನಾನು ಅವರ ಅಡುಗೆಮನೆಗೇ ಹೋದೆ.

“ಒಂದೇ ಗಂಟೆ ಕೆಲಸ ಆಂಟಿ. ಈ ಸಲ ನಿಜವಾಗ್ಲೂ ಗೊತ್ತಾಗಿದೆ.”

“ಅವತ್ತೂ ನೀನೇ ಅಲ್ವೇನಮ್ಮ, ಅರ್ಧ ದಿನ ಸಾಕು ಅಂದಿದ್ದು?”

ಅಡುಗೆಮನೆಯಿಂದ ಹೊರಗೆ ಬಂದೆ.

ಪಕ್ಕದ ಊರು ಇಸ್ಸಾಕ್ವಾದಿಂದ ಬಂದವನೊಬ್ಬ ಕಾರನ್ನು ಟ್ರೇಲರ್ ಮೇಲೆ ಏರಿಸಿಕೊಂಡು ಹೋದ. “ಗ್ಯಾಸ್ಕೆಟ್ ಮಾತ್ರ ನೋಡಿ, ಬೇರೇನೂ ಬಿಚ್ಚಬೇಡಿ” ಎಂದು ಅಂಕಲ್ ಅವನಿಗೆ ಎರಡೆರಡು ಸಲ ಹೇಳಿದರು. ಸ್ಪ್ಯಾನರ್ ಹಿಡಿಯುವ ಕೆಲಸ ಉಳಿಯಲಿಲ್ಲ. ಕೈ ನಡುಗುತ್ತಲೇ ಇತ್ತು... ಆಮೇಲಿನ ದಿನಗಳಲ್ಲಿ ಚಹಾ ಕೂಡ ಆಂಟಿಯೇ ಕುಡಿಸಬೇಕಾಯಿತು. ನಾನು ಹೋದಾಗಲೆಲ್ಲ ಅವರು ಕಾಲೇಜಿನ ಸುದ್ದಿ ಕೇಳುತ್ತಿದ್ದರು. ತಪ್ಪು ನನ್ನದೆಂದು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ವಾದವನ್ನಾದರೂ ಮಾಡಬಹುದಿತ್ತು.

ಅಂಕಲ್ ತೀರಿಕೊಂಡು ಎರಡು ವರ್ಷವಾಯಿತು.

ಲಿಫ್ಟು ಕೆಳಗೆ ಬರುವಷ್ಟರಲ್ಲಿ ಮಗುವಿನ ತಾಯಿ ನನ್ನ ಒದ್ದೆ ಕಣ್ಣು ಗಮನಿಸಿದ್ದರು. “ಅಯ್ಯೋ, ನಿಮಗೆ ಪೌಡರ್ ಅಲರ್ಜಿನಾ?”

“ಹೌದು” ಅಂದೆ.