ಚಳಿಗೆ ಬೈಯುವ ಲಫಾಯೆಲೆ

ಸರೋವರದಂಚಿನ ವಾನಾಕಾ ಊರಿನ ನಮ್ಮ ಶಾಲೆಯ ಬಸ್ ಓಡಿಸುವ ಲಫಾಯೆಲೆಯಷ್ಟು ಚಳಿಗೆ ಹೆದರುವವನು ಈ ಬೆಟ್ಟಸಾಲಿನಲ್ಲೇ ಇಲ್ಲ. ಅವನಷ್ಟು ಸರೋವರದ ಹುಚ್ಚು ಹಿಡಿದವನೂ ಇಲ್ಲ. ಸಮೋವಾ ದ್ವೀಪದ ಬೆಚ್ಚನೆಯ ಕಡಲಲ್ಲಿ ಬೆಳೆದ ಆಸಾಮಿ. ದಿನಾ ಬೆಳಿಗ್ಗೆ ರಬ್ಬರ್ ಉಡುಪಿನೊಳಗೆ ತನ್ನ ಭಾರಿ ಮೈಯನ್ನು ತುರುಕಿಕೊಂಡು, ನೀರಲ್ಲಿ ಮುಖವಿಟ್ಟೇ ಉಸಿರಾಡಲು ಬಾಯಿಗೆ ಸ್ನಾರ್ಕೆಲ್ ಕೊಳವೆ ಸಿಕ್ಕಿಸುವ ಮೊದಲು, "ಇದೇನು ನೀರೋ, ಕರಗಿದ ಹಿಮವೋ! ನನ್ನ ಹೆಣಾನ ಊರಿಗೆ ಕಳಿಸಿಬಿಡ್ರಪ್ಪಾ!" ಎಂದು ದಡದವರಿಗೆಲ್ಲ ಕೂಗುತ್ತಾನೆ. ಮುಖ ಮುಳುಗಿತೋ, ಬೈಗುಳ ಬಂದ್. ತಳದ ಕಲ್ಲೂ ಕೈಗೆಟುಕುವಂತೆ ಕಾಣುವ ಆ ನೀರಿನಲ್ಲಿ ಹಾವುಮೀನು ಕಂಡರೆ ಕೊಳವೆಯೊಳಗಿಂದಲೇ ಕಿರುಚುತ್ತಾನೆ. ದಡದಲ್ಲಿದ್ದವರಿಗೆ ಅದು ಕಹಳೆಯಂತೆ ಕೇಳುತ್ತದೆ. ಈ ಬೇಸಿಗೆಯಲ್ಲಿ ಸಮೋವಾದಿಂದ ಅವನ ತಾಯಿ ಬಂದರು. ಕಡಲಿಲ್ಲದ ಊರೆಂದು ಕಿಟಕಿಯ ಪರದೆಯನ್ನೂ ಸರಿಸದೆ, ವಾಪಸು ಕಳಿಸೆಂದು ಹಟ ಹಿಡಿದು ಕೂತಿದ್ದರು. ಮೊನ್ನೆ ಲಫಾಯೆಲೆ ಅವರಿಗೂ ಉಡುಪು ತೊಡಿಸಿ, ಕೈ ಹಿಡಿದು ನೀರಿಗಿಳಿಸಿದ. "ಅಯ್ಯೋ ಪಾಪಿ, ಹೆತ್ತ ತಾಯೀನ ಕೊಲ್ತೀಯೇನೋ!" ಎಂದು ಅವರು ಕೂಗಿದ ಕೂಗಿಗೆ ಬಾತುಗಳು ಎದ್ದು ಹಾರಿದವು. ಆಮೇಲೆ ಮಗ ಕೊಟ್ಟ ಕೊಳವೆ ಕಚ್ಚಿ ಮುಖವನ್ನು ನೀರಿಗಿಟ್ಟರು. ಎಷ್ಟು ಹೊತ್ತಾದರೂ ಎತ್ತಲಿಲ್ಲ. ಲಫಾಯೆಲೆ ಭುಜ ಅಲುಗಿಸಿ, "ಸಾಕಮ್ಮಾ, ನಿನ್ನ ಕೈ ನೀಲಿಗಟ್ಟಿದೆ, ಮನೆಗೆ ಹೋಗೋಣ" ಎಂದ. ಅವರು ಕೊಳವೆ ಕಿತ್ತು ಗದರಿದರು: "ನೀನು ಬೇಕಾದ್ರೆ ಹೋಗೋ! ಮರಿಮೀನುಗಳು ಈಗಷ್ಟೇ ನನ್ನ ಬೆರಳು ಮೂಸೋಕೆ ಬಂದಿವೆ."